ಬುಡದ ಬೊಟ್ಟು

ನಾನು ಒಂದು ಸ್ಟೀಲ್ ಲೋಟ. ದುಂಡನೆಯ ತಗಡಿನ ಬಿಲ್ಲೆಯೊಂದನ್ನು ಅಚ್ಚಿನ ಮೇಲಿಟ್ಟು ಯಂತ್ರ ಒತ್ತಿತು. ನನಗೆ ಹೊಟ್ಟೆ ಬಂತು. ಇನ್ನೊಂದು ಯಂತ್ರ ಅಂಚು ಮಡಚಿತು, ಬಾಯಿ ಬಂತು. ನನ್ನ ಹಾಗೆಯೇ ಇನ್ನೂ ಐವರು. ಆರೂ ಜನರನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿದರು. ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಯಾರೋ ನಮ್ಮನ್ನು ಕೊಂಡು, ಮೈಮೇಲೆ ಚುಕ್ಕಿ ಚುಕ್ಕಿಯಾಗಿ ‘ಪದ್ಮಜ – ಶ್ರೀಕಂಠ, ಗೃಹಪ್ರವೇಶ’ ಎಂದು ಕೊರೆಸಿ ಉಡುಗೊರೆ ಕೊಟ್ಟರು.

ಪದ್ಮಜಮ್ಮನವರ ಅಡುಗೆಮನೆಯಲ್ಲಿ ಆರು ತಿಂಗಳು ನಾವೆಲ್ಲ ಒಂದೇ ಸಾಲಿನಲ್ಲಿ ಬೋರಲು ಮಲಗಿದ್ದೆವು. ಒಂದು ದಿನ ನಾನು ಕಟ್ಟೆಯಿಂದ ಜಾರಿ ಬಿದ್ದೆ. ಬಾಯಿಯಿಂದ ಒಂದು ಬೆರಳು ಕೆಳಗೆ ನೆಗ್ಗು ಬಿತ್ತು. ಅದೇ ವಾರ ಆ ಮನೆಗೆ ಪಾತ್ರೆ ತೊಳೆಯಲು ಚಿಕ್ಕತಾಯಮ್ಮ ಬಂದಳು. ಹೊಸದಾಗಿ ಮದುವೆಯಾದ ಹುಡುಗಿ. ಅವಳಿಗೆ ಕಾಫಿ ಕೊಡಲು ಒಂದು ಲೋಟ ಬೇಕಾಯಿತು. ನೆಗ್ಗಿದವನು ನಾನಲ್ಲದೆ ಇನ್ಯಾರು? ಪದ್ಮಜಮ್ಮ ತಮ್ಮ ನೇಲ್ ಪಾಲಿಶ್ ತಂದು ನನ್ನ ಬುಡಕ್ಕೆ ಒಂದು ಕೆಂಪು ಚುಕ್ಕೆ ಇಟ್ಟರು. “ಮಿಕ್ಕಿದ್ದರ ಜೊತೆ ಸೇರಿಹೋಗಬಾರದಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು. ಸವೆದಾಗಲೆಲ್ಲ ಮತ್ತೆ ಇಟ್ಟರು. ಹಿತ್ತಿಲ ಕಿಟಕಿಯಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕದಲ್ಲಿ, ನನಗೆ ಜಾಗವಾಯಿತು. ಒಡಹುಟ್ಟಿದವರು ಒಳಗೆ, ನಾನು ಹೊರಗೆ.

ಕಾಫಿ ಮಾತ್ರ ಚೆನ್ನಾಗಿಯೇ ಕೊಡುತ್ತಿದ್ದರು. ನನ್ನನ್ನು ಮುಟ್ಟದ ಹಾಗೆ ಒಂದು ಗೇಣು ಮೇಲಿನಿಂದ ಸುರಿಯುತ್ತಿದ್ದರು. ಹಬ್ಬಕ್ಕೆ ಸೀರೆ, ಜ್ವರಕ್ಕೆ ಮಾತ್ರೆ, ಎಲ್ಲವೂ ಇತ್ತು. ಅವರನ್ನು ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. ಅವರು ಬಾಯಿಬಡುಕಿಯಾಗಿದ್ದರೆ ಚಿಕ್ಕತಾಯಮ್ಮ ಮೊದಲ ತಿಂಗಳೇ ಬಿಟ್ಟು ಹೋಗುತ್ತಿದ್ದಳು. ಒಳ್ಳೆಯವರಾದ್ದರಿಂದ ಹನ್ನೊಂದು ವರ್ಷ ಉಳಿದಳು.

ಒಂದು ವಿಷಯ ನೆನಪಿಡಿ. ಲೋಟದ ಬುಡ ಕುಡಿಯುವವರ ಕಣ್ಣಿಗೆ ಕಾಣುವುದಿಲ್ಲ. ಕೊನೆಯ ಗುಟುಕಿಗೆ ತಲೆ ಎತ್ತಿದಾಗ ಎದುರಿಗೆ ನಿಂತವರಿಗೆ ಕಾಣುತ್ತದೆ. ಹನ್ನೊಂದು ವರ್ಷ ಚಿಕ್ಕತಾಯಮ್ಮ ಕುಡಿದಳು, ಪದ್ಮಜಮ್ಮ ನೋಡಿದರು.

ಹನ್ನೊಂದನೆಯ ವರ್ಷದ ದಸರಾ ರಜೆ. ಚಿಕ್ಕತಾಯಮ್ಮನ ಮಗಳು ಮೋನಿಷಾಗೆ ಆರು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದೆ ಚಿಕ್ಕತಾಯಮ್ಮ ಅವಳನ್ನು ಕೆಲಸಕ್ಕೆ ಕರೆದುಕೊಂಡು ಬಂದಳು. ಗೊಂಬೆ ಆರತಿಗೆ ಬಂದವರ ಪಾತ್ರೆಗಳು ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು. ಮಗುವಿಗೆ ಬಾಯಾರಿತು. ಸೀದಾ ಅಡುಗೆಮನೆಗೆ ಹೋಗಿ, ಸಾಲಿನಲ್ಲಿದ್ದ ನನ್ನ ತಮ್ಮನೊಬ್ಬನನ್ನು ಎತ್ತಿಕೊಂಡು ನೀರು ಕುಡಿಯಿತು.

ಪದ್ಮಜಮ್ಮ ಬೈಯಲಿಲ್ಲ. “ಪರವಾಗಿಲ್ಲ ಬಿಡು, ಮಗು” ಎಂದು ನಕ್ಕರು. ಒಳಗೆ ಹೋಗಿ ನೇಲ್ ಪಾಲಿಶ್ ತಂದರು. ತಮ್ಮನ ಬುಡಕ್ಕೂ ಒಂದು ಚುಕ್ಕೆ ಇಟ್ಟು, ಊದಿ ಒಣಗಿಸಿ, ಮಗುವಿನ ಕೈಗೆ ಕೊಟ್ಟರು.

ಮೋನಿಷಾ ಹಿತ್ತಿಲಿಗೆ ಓಡಿ ಬಂದಳು. “ಅಮ್ಮಾ, ನೋಡಿಲ್ಲಿ! ಆಂಟಿ ನನ್ನ ಲೋಟಕ್ಕೂ ಬೊಟ್ಟು ಇಟ್ರು!”

ಚಿಕ್ಕತಾಯಮ್ಮನ ಕೈ ನಿಂತಿತು. ಆಮೇಲೆ ಮತ್ತೆ ಉಜ್ಜತೊಡಗಿತು. ಅಷ್ಟೂ ಪಾತ್ರೆಗಳನ್ನು ತೊಳೆದು ಮುಗಿಸಿದಳು. ಕೊನೆಗೆ ನಮ್ಮಿಬ್ಬರನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡಳು.

“ಅಮ್ಮಾವ್ರೆ, ಈ ಎರಡು ಲೋಟ ನಮ್ಮವೇ ಅಲ್ವಾ?”

“ಹೌದು ಕಣೆ ಚಿಕ್ಕಿ, ನಿಮ್ಮವೇ.”

“ಹಂಗಾದ್ರೆ ತಕ್ಕೊಂಡು ಹೋಯ್ತೀನಿ. ನಾಳೆಯಿಂದ ಬರಾಕಿಲ್ಲ.”

ಮನೆಗೆ ಬಂದವಳೇ ಇಟ್ಟಿಗೆ ಚೂರು ತೆಗೆದುಕೊಂಡು ಮಗಳ ಲೋಟದ ಚುಕ್ಕೆಯನ್ನು ಕೆರೆದಳು. ಮಗು “ನನ್ನ ಬೊಟ್ಟು, ನನ್ನ ಬೊಟ್ಟು” ಎಂದು ಅತ್ತಿತು. ನನ್ನ ಸರದಿ ಬಂದಾಗ ಇಟ್ಟಿಗೆ ಬಿಸಾಡಿದಳು.

“ನಂದು ಹಂಗೇ ಇರ್ಲಿ. ಒಂದಲ್ಲ ಒಂದು ದಿನ ಇದನ್ನ ಅವರ ಬಾಯಿಗೆ ಇಡ್ತೀನಿ.”

ಅವಳ ಗಂಡ ಸಿದ್ದರಾಜು ಗಾರೆ ಕೆಲಸದವನು, ಜಗಳ ಆಗಿಬರದವನು. “ಗುಜರಿಗೆ ಹಾಕಮ್ಮಿ. ಈಗ ಕಾಲ ಬದಲಾಗೈತೆ.”

“ಕಾಲ ಬದಲಾಗೈತೆ ಅಂತ ಅವರು ಹೇಳ್ಲಿ. ನೀನ್ಯಾಕೆ ಹೇಳೀಯೆ?”

ಆಮೇಲೆ ಅವಳು ಮದುವೆ ಅಡುಗೆಯವರ ಹತ್ತಿರ ಪಾತ್ರೆ ತೊಳೆಯಲು ಸೇರಿದಳು. ತೊಳೆಯುತ್ತಲೇ ಕಣ್ಣಲ್ಲೇ ನೋಡಿ ಹೋಳಿಗೆ ಕಲಿತಳು. ಕಣಕ ಎಷ್ಟು ನಾದಬೇಕು, ಹೂರಣ ಎಷ್ಟು ಗಟ್ಟಿ ಇರಬೇಕು, ಎಲ್ಲವನ್ನೂ. ಐದು ವರ್ಷ ಕಳೆದ ಮೇಲೆ ರಾಮಕೃಷ್ಣನಗರದಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ‘ಹೋಳಿಗೆ ಮನೆ’ ಎಂದು ಬೋರ್ಡ್ ಹಾಕಿಸಿದಳು. ಬೋರ್ಡಿನಲ್ಲಿ ಹೆಸರು ಹಾಕಿಸಲಿಲ್ಲ. “ಹೋಳಿಗೆ ರುಚಿ ನೋಡ್ಲಿ. ಹೆಸರು ನೋಡಿ ಆಮೇಲೆ ರುಚಿ ನೋಡೋದು ಬ್ಯಾಡ” ಎಂದಳು. ನಾನು ಅವಳ ಅಳತೆಯಾದೆ. ಬಾಯಿಮಟ್ಟ ಬೇಳೆ, ನೆಗ್ಗಿನ ಮಟ್ಟಕ್ಕೆ ಬೆಲ್ಲ. ನನ್ನನ್ನು ಕಿಟಕಿಗೆ ಹಾಕಿದ ನೆಗ್ಗೇ ಈಗ ಊರಿನ ನಾಲಿಗೆಗೆ ಸಿಹಿ ಅಳೆಯತೊಡಗಿತು.

ಮೊದಲ ಯುಗಾದಿಗೇ ಫೋನ್ ಬಂತು. ಮೋನಿಷಾ ವಿಳಾಸ ಬರೆದುಕೊಂಡು ಓದಿದಳು: “ಶ್ರೀಕಂಠ ಅವರ ಮನೆ, ಸರಸ್ವತಿಪುರಂ. ಅವರ ಸೊಸೆ ಮಾತಾಡಿದ್ದು. ಐವತ್ತು ಹೋಳಿಗೆ.”

ಚಿಕ್ಕತಾಯಮ್ಮ ನನ್ನನ್ನು ಕೈಗೆತ್ತಿಕೊಂಡಳು. ಬೇಳೆ ತುಂಬುವ ಮೊದಲು ಬುಡ ತಿರುಗಿಸಿ ನೋಡಿ ನಕ್ಕಳು. ಆ ನಗುವನ್ನು ನಾನೊಬ್ಬನೇ ಬಲ್ಲೆ. ಏಳು ಯುಗಾದಿ ಆಟೋದಲ್ಲಿ ಆ ಮನೆಗೆ ಡಬ್ಬಿ ಹೋಯಿತು. ಅವರ ಹೊಟ್ಟೆಗೆ ಹೋದ ಒಂದೊಂದು ಹಿಡಿ ಹೂರಣವೂ ಮೊದಲು ನನ್ನ ಹೊಟ್ಟೆಯಲ್ಲಿತ್ತು. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು.

ಮಗಳಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಚುಕ್ಕೆ ಬೊಟ್ಟೆಂದೇ ನಂಬಿದ್ದಳು. ಪಿಯುಸಿ ಓದುವಾಗ ಒಂದು ಸಂಜೆ ಗೆಳತಿಯ ಮನೆಯಿಂದ ಬಂದವಳು ಚೀಲವನ್ನೂ ಇಳಿಸದೆ ನನ್ನನ್ನು ಬೋರಲು ಹಾಕಿ ದಿಟ್ಟಿಸಿದಳು.

“ಅಮ್ಮ, ಅವರ ಮನೆ ಕಿಟಕೀಲಿ ಒಂದು ಲೋಟ ಇತ್ತು. ಯಾರ್ದು ಅಂದೆ. ಕೆಲಸದೋಳ್ದು ಅಂದ್ಲು. ಇದು ಬೊಟ್ಟಲ್ಲ ಅಲ್ವಾ?”

ತಾಯಿ ಎಲ್ಲವನ್ನೂ ಹೇಳಿದಳು. ಮಗಳು ಚೀಲ ಇಳಿಸಿ ನೆಲದ ಮೇಲೆ ಕೂತಳು.

“ನಾನು ಕುಣ್ಕೊಂಡು ಬಂದು ತೋರ್ಸಿದ್ನಾ?”

“ಹೂಂ ಕಣವ್ವ.”

“ನನ್ನದ್ಯಾಕೆ ಅಳಿಸ್ದೆ?”

“ನೀನು ತಲೆ ಎತ್ಕೊಂಡು ಬೆಳೀಲಿ ಅಂತ. ಮಕ್ಕಳಿಗೆ ಬುದ್ಧಿ ಹೇಳೋದು ಸಲೀಸು ಮೋನಿ. ಅವರ ಕಣ್ಮುಂದೆ ತಲೆ ತಗ್ಗಿಸದೆ ಬದುಕೋದು ಕಷ್ಟ. ಹನ್ನೊಂದು ವರ್ಷ ನಾನು ಕುಡಿದೆ, ನಂಗೇನೂ ಅನ್ನಿಸ್ಲಿಲ್ಲ. ನೀನು ನಕ್ಕೊಂಡು ಬಂದ್ಯಲ್ಲ, ಆವಾಗ ಹೊಟ್ಟೆಗೆ ಬೆಂಕಿ ಬಿತ್ತು.”

ಈ ವರ್ಷ, ಬಿರುಬಿಸಿಲಿನ ಒಂದು ಮಧ್ಯಾಹ್ನ, ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವರು ಪದ್ಮಜಮ್ಮ. ಕೂದಲು ಬೆಳ್ಳಗಾಗಿತ್ತು, ಮಂಡಿ ಹಿಡಿದಿತ್ತು. ಗಲ್ಲಾದಲ್ಲಿ ಮೋನಿಷಾ, ಒಲೆಯ ಹತ್ತಿರ ತಲೆಗೆ ಬಟ್ಟೆ ಕಟ್ಟಿದ ಚಿಕ್ಕತಾಯಮ್ಮ.

“ಮೊಮ್ಮಗನ ನಾಮಕರಣ ಕಣಮ್ಮ. ಇನ್ನೂರೈವತ್ತು ಹೋಳಿಗೆ ಬೇಕು. ಸೊಸೆಗೆ ನಿಮ್ಮ ಹೋಳಿಗೇನೇ ಆಗ್ಬೇಕು. ಮಡಿಯವರೆಲ್ಲ ಬರ್ತಾರೆ ನೋಡು, ಅದಕ್ಕೇ ಯಾರು ಮಾಡ್ತಾರೆ, ಎಷ್ಟು ಶುದ್ಧ ಅಂತ ಕಣ್ಣಾರೆ ನೋಡ್ಕೊಂಡು ಹೋಗೋಣ ಅಂತ ಬಂದೆ.” ಸುತ್ತ ಕಣ್ಣಾಡಿಸಿದರು. “ಪರವಾಗಿಲ್ಲ, ಚೊಕ್ಕಟವಾಗಿದೆ. ಸ್ವಲ್ಪ ನೀರು ಕೊಡಮ್ಮ.”

ಒಲೆಯ ಹತ್ತಿರ ನಿಂತಿದ್ದವಳ ಮುಖದ ಮೇಲೂ ಆ ಕಣ್ಣು ಹಾದುಹೋಯಿತು, ಗುರುತು ಹಿಡಿಯಲಿಲ್ಲ. ಹನ್ನೊಂದು ವರ್ಷ ನನ್ನ ಬುಡ ನೋಡಿದವರು ಅವಳ ಮುಖ ನೋಡಿದ್ದರೆ ತಾನೆ?

ಚಿಕ್ಕತಾಯಮ್ಮ ಇಷ್ಟು ವರ್ಷ ಕಾದಿದ್ದು ಈ ಗಳಿಗೆಗೆ. ಆದರೆ ಬಿಸಿಲಿಗೆ ಬಾಡಿದ ಆ ಮುದಿ ಮುಖ ನೋಡಿ ಅವಳ ಕೈ ಗಾಜಿನ ಲೋಟದ ಕಡೆ ಹೋಯಿತು. ಅಯ್ಯೋ, ಕೈತಪ್ಪಿತಲ್ಲ ಎಂದು ನನ್ನ ಜೀವ ಕುಸಿಯಿತು. ಅಷ್ಟರಲ್ಲಿ ಮೋನಿಷಾಳ ಕೈ ನನ್ನನ್ನು ಎತ್ತಿಕೊಂಡಿತು. ತೊಳೆದು, ತಣ್ಣನೆಯ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಪದ್ಮಜಮ್ಮ ಮೊದಲು ಎತ್ತಿ ಕುಡಿಯಲು ನೋಡಿದರು. ಗುರಿ ತಪ್ಪಿ ನೀರು ಗಲ್ಲದ ಮೇಲೆ ಸುರಿಯಿತು. ಬಾಯಾರಿಕೆ ಜೋರಾಗಿತ್ತು. ನನ್ನನ್ನು ಕಚ್ಚಿಯೇ ಕುಡಿದರು. ಕೊನೆಯ ಗುಟುಕಿಗೆ ತಲೆ ಎತ್ತಿದರು. ನನ್ನ ಬುಡ ತಾಯಿ-ಮಗಳ ಎದುರಿಗೆ ಬಂತು. ಈಗ ಅವರು ಕುಡಿದರು, ಇವರು ನೋಡಿದರು.

“ಅಬ್ಬಾ, ಜೀವ ಬಂತು” ಎಂದು ಪದ್ಮಜಮ್ಮ ನನ್ನನ್ನು ಅಭ್ಯಾಸದಂತೆ ಬೋರಲು ಇಟ್ಟರು. ಕೆಂಪು ಚುಕ್ಕೆ ಕಂಡಿತು. ಬೆರಳು ನೆಗ್ಗನ್ನು ಮುಟ್ಟಿತು, ಸವೆದ ಅಕ್ಷರಗಳ ಮೇಲೆ ನಿಧಾನವಾಗಿ ಹರಿಯಿತು.

“ಇದು... ನಮ್ಮನೆ ಲೋಟ.”

“ಅಲ್ಲ ಅಮ್ಮಾವ್ರೆ, ನಮ್ದೇ” ಎಂದು ಚಿಕ್ಕತಾಯಮ್ಮ ತಲೆಯ ಬಟ್ಟೆ ಬಿಚ್ಚುತ್ತಾ ಮುಂದೆ ಬಂದಳು. “ನೀವೇ ಗುರುತು ಹಾಕಿ ಕೊಟ್ಟಿದ್ದು.”

“ಚಿಕ್ಕಿ?”

“ಚಿಕ್ಕತಾಯಮ್ಮ. ಏಳು ಯುಗಾದಿ ನನ್ನ ಕೈ ಹೋಳಿಗೆ ತಿಂದಿದ್ದೀರಿ. ಬೇಳೆ ಅಳೆದದ್ದು ಇದೇ ಲೋಟದಲ್ಲಿ. ಮಡಿಗೇನಾದ್ರೂ ಆಯ್ತಾ?”

ಪದ್ಮಜಮ್ಮ ನನ್ನ ಮೇಲಿಂದ ಬೆರಳು ತೆಗೆದರು. ಮೋನಿಷಾ ಪೆನ್ನು ಹಿಡಿದು ನಗುಮುಖದಿಂದಲೇ ಕೇಳಿದಳು: “ಆರ್ಡರ್ ಬರ್ಕೊಳ್ಳಾ ಆಂಟಿ, ಬೇಡ್ವಾ?”

ಬೇಡವೆಂದರೆ ಮನೆಯಲ್ಲಿ ಸೊಸೆಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಏಳು ವರ್ಷ ತಿಂದದ್ದನ್ನೂ ಹೇಳಬೇಕು, ಆರು ವರ್ಷದ ಮಗುವಿನ ಲೋಟಕ್ಕೆ ಚುಕ್ಕೆ ಇಟ್ಟದ್ದನ್ನೂ ಹೇಳಬೇಕು. ಪದ್ಮಜಮ್ಮ ಮುಂಗಡದ ನೋಟುಗಳನ್ನು ಎಣಿಸಿ ಗಲ್ಲಾದ ಮೇಲಿಟ್ಟರು.

“ಬರ್ಕೋ” ಎಂದರು, ಕೇಳಿಸಿಯೂ ಕೇಳಿಸದ ಹಾಗೆ.

ಆಟೋ ಹೋದ ಮೇಲೆ ಮಗಳು ಕೇಳಿದಳು: “ಹೊಟ್ಟೆ ತಣ್ಣಗಾಯ್ತಾ ಅಮ್ಮ?”

“ಆಯ್ತು. ಸುಳ್ಳು ಯಾಕೆ ಹೇಳ್ಲಿ?”

ನಾಮಕರಣದ ಹೂರಣಕ್ಕೆ ಅಷ್ಟೂ ಬೇಳೆಯನ್ನು ನಾನೇ ಅಳೆದೆ. ಮಡಿಯವರೆಲ್ಲ ಕೈ ಚಾಚಿ ಎರಡೆರಡು ಹಾಕಿಸಿಕೊಂಡರಂತೆ. ಸೊಸೆ ಫೋನ್ ಮಾಡಿ ಹೇಳಿದಳು. ಆ ಪಂಕ್ತಿಯಲ್ಲಿ ಎಲ್ಲವನ್ನೂ ಬಲ್ಲವರು ಪದ್ಮಜಮ್ಮ ಒಬ್ಬರೇ; ಎಲ್ಲರ ಎಲೆಯ ಮುಂದೆಯೂ ನಗುತ್ತಾ ಓಡಾಡಬೇಕಾಗಿದ್ದವರೂ ಅವರೇ.

ಈಗ ಅಳತೆಗೆ ತೂಕದ ಯಂತ್ರ ಬಂದಿದೆ. ನನಗೆ ವಯಸ್ಸಾಯಿತು. ಮೋನಿಷಾ ನನ್ನನ್ನು ಗಲ್ಲಾದ ಮೇಲೆ ಬೋರಲು ಇಟ್ಟಿದ್ದಾಳೆ, ಬುಡ ಎಲ್ಲರಿಗೂ ಕಾಣುವ ಹಾಗೆ. ಮೊನ್ನೆ ತಾಯಿಯ ಜೊತೆ ಬಂದ ಪುಟ್ಟ ಹುಡುಗಿಯೊಬ್ಬಳು ಬೆರಳಿಟ್ಟು ಕೇಳಿದಳು: “ಅಕ್ಕಾ, ಇದೇನು ಕೆಂಪಗೆ? ಬೊಟ್ಟಾ?”

“ಅಲ್ಲ ಪುಟ್ಟಿ, ಗುರುತು.”

“ನಿಮ್ದಾ?”

“ನಮ್ದಲ್ಲ,” ಎಂದಳು ಮೋನಿಷಾ, “ಇಟ್ಟವರ್ದು.”