ದೂರದ್ದೇ ಇರಲಿ

ಮುಹನ್ನದ್ ಮೂರನೆಯ ಬಿಂದುವಿನ ಅಕ್ಷಾಂಶ ಒತ್ತುತ್ತಿದ್ದಾಗಲೇ ಯಾರೋ ಹೊರಗಿನಿಂದ ಬಾಗಿಲು ಗುದ್ದಿದರು. ಅವನ ಬೆರಳು ಕೀಲಿಯ ಮೇಲೆಯೇ ನಿಂತಿತು.

"ನಿಲ್ಲಿಸ್ಬೇಡ. ಗಟ್ಟಿಯಾಗಿ ಓದ್ತಾ ಒತ್ತು," ಎಂದರು ಪಕ್ಕದ ಸೀಟಿನಲ್ಲಿದ್ದ ಕ್ಯಾಪ್ಟನ್ ಮುಂದಿರ್, ತಲೆ ತಿರುಗಿಸದೆ.

"ಉತ್ತರ ಮೂವತ್ತಮೂರು, ಇಪ್ಪತ್ತೈದು. ಪೂರ್ವ ಮೂವತ್ತಾರು, ಮೂವತ್ತೊಂದು. ದಮಾಸ್ಕಸ್."

ಯಂತ್ರದ ಸಣ್ಣ ಕಿಟಕಿಯಲ್ಲಿ ಹಸಿರು ಅಂಕಿಗಳು ಒಂದೊಂದಾಗಿ ಮೂಡಿದವು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಎಂಜಿನಿಯರ್ ಅನ್ಹಾರ್ ಬೆಲ್ಟು ಬಿಚ್ಚಿ ಎದ್ದು ಬಾಗಿಲು ತೆರೆದಳು. ಬಾಗಿಲಿಗೆ ತಾಗಿದ್ದ ಕಬ್ಬಿಣದ ಸೇತುವೆಯ ಮೇಲೆ ತರಬೇತಿ ಕೇಂದ್ರದ ಮೇಲ್ವಿಚಾರಕ ಫವ್ವಾಜ್ ಏದುಸಿರು ಬಿಡುತ್ತ ನಿಂತಿದ್ದ.

"ಸಿತ್ತ್ ಅನ್ಹಾರ್, ಇವತ್ತು ಇದಕ್ಕೆ ಕರೆಂಟ್ ಹಾಕ್ಬೇಡಿ ಅಂತ ಹೇಳಿರ್ಲಿಲ್ವಾ? ನಾಳೆ ಬೆಳಿಗ್ಗೆ ಬಿಚ್ಚೋಕೆ ಜನ ಬರ್ತಾರೆ."

"ನಾಳೆ ತಾನೆ ಉಸ್ತಾದ್? ಇವತ್ತಿನ್ನೂ ಬುಧವಾರ. ಬುಧವಾರ ಇವರದ್ದು."

ಏಳು ವರ್ಷಗಳಿಂದ ಬುಧವಾರ ಅವರದ್ದೇ ಆಗಿತ್ತು. ದಿಗ್ಬಂಧನ ಬಂದ ಮೇಲೆ ಬಾಗ್ದಾದಿನಿಂದ ಒಂದು ಪ್ರಯಾಣಿಕರ ವಿಮಾನವೂ ಏಳಲಿಲ್ಲ. ಇದ್ದ ವಿಮಾನಗಳು ಯಾರ ಯಾರದೋ ನೆಲದಲ್ಲಿ ನಿಂತು ಟೈರು ಕೊಳೆಸಿಕೊಳ್ಳುತ್ತಿದ್ದವು. ಉಳಿದದ್ದು ನೆಲದ ಮೇಲೇ ನಿಂತು ಹಾರಾಟ ಕಲಿಸುವ ಈ ಸಿಮ್ಯುಲೇಟರ್ ಒಂದೇ. ಅದನ್ನು ಕುಲುಕಾಡಿಸುವ ಕಾಲುಗಳಲ್ಲಿ ಎಣ್ಣೆಯಿಲ್ಲ. ಮುಂದಿನ ಗಾಜಿನಲ್ಲಿ ಆಕಾಶ ತೋರಿಸುತ್ತಿದ್ದ ದೀಪಗಳು ಎಂದೋ ಸುಟ್ಟಿದ್ದವು. ಆದರೆ ದಾರಿ ತೋರುವ ಯಂತ್ರಗಳು ಮೂರೂ ಬದುಕಿದ್ದವು. ಹಾಳಾದ ವಾಷಿಂಗ್ ಮೆಷಿನ್ನುಗಳ ತಂತಿ ಕಿತ್ತು ತಂದು ಅನ್ಹಾರ್ ಅವನ್ನು ಬದುಕಿಸಿಟ್ಟಿದ್ದಳು. ಆ ಯಂತ್ರಕ್ಕೆ ಊರುಗಳ ಹೆಸರು ಗೊತ್ತಿಲ್ಲ. ನೀನು ನಿಂತಿರುವುದು ಇಲ್ಲಿ, ಹೋಗಬೇಕಾದದ್ದು ಅಲ್ಲಿ ಎಂದು ಅಕ್ಷಾಂಶ ರೇಖಾಂಶಗಳಲ್ಲಿ ಹೇಳಿದರೆ ಸಾಕು; ಮುಂದೆ ಯಾರನ್ನೂ ಕೇಳದೆ ದಾರಿ ಹಿಡಿಯುತ್ತದೆ. ಒಂದು ಸಲಕ್ಕೆ ಒಂಬತ್ತು ಬಿಂದು ನೆನಪಿಟ್ಟುಕೊಳ್ಳುತ್ತದೆ. ಕರೆಂಟು ಹೋದರೆ ಮಾತ್ರ ಎಲ್ಲವನ್ನೂ ಮರೆತುಬಿಡುತ್ತದೆ.

ಫವ್ವಾಜ್ ಒಳಗೆ ಇಣುಕಿದ. ಕ್ಯಾಪ್ಟನ್ ಬಿಳಿ ಅಂಗಿ, ಟೈ, ಹೆಗಲ ಮೇಲೆ ನಾಲ್ಕು ಚಿನ್ನದ ಪಟ್ಟಿ ತೊಟ್ಟು ಕುಳಿತಿದ್ದರು. ಬಾಕಿ ಆರು ದಿನ ಭಾವಮೈದುನನ ಕಾರನ್ನು ಟ್ಯಾಕ್ಸಿಯಾಗಿ ಓಡಿಸುವ ಮನುಷ್ಯ.

"ಎಲ್ಲಿಗೆ ಹೊರಟಿದ್ದೀರಿ ಅಬು ಸಿನಾನ್?" ಎಂದು ಅವರನ್ನು ಮಗನ ಹೆಸರಿನಿಂದ ಕರೆದು ಕೇಳಿದ.

"ಲಂಡನ್."

"ಅಷ್ಟು ದೂರ ಯಾಕೆ? ಜನರೇಟರಿನ ಡೀಸೆಲ್ ಸುಡೋದು ನನ್ನ ಲೆಕ್ಕಕ್ಕೆ ಬರತ್ತೆ. ಹಾರ್ಲೇಬೇಕು ಅಂದ್ರೆ ಮೋಸುಲ್‌ಗೆ ಹಾರಿ, ಬೇಗ ಮುಗಿಯತ್ತೆ."

"ಮೋಸುಲ್ ಮೇಲೂ ದಿಗ್ಬಂಧನ ಹಾಕಿದವ್ರು ನಮ್ಮನ್ನ ಹಾರೋಕೆ ಬಿಡಲ್ಲ. ಬಸ್ರಾ ಮೇಲೂ ಬಿಡಲ್ಲ. ಲಂಡನ್ನಿಗಂತೂ ಬಿಡೋದೇ ಇಲ್ಲ," ಎಂದರು ಕ್ಯಾಪ್ಟನ್. "ಹೇಗೂ ಬಿಡಲ್ಲ ಅಂದ್ಮೇಲೆ, ದೂರದ್ದೇ ಇರ್ಲಿ."

ಮುಹನ್ನದನಿಗೆ ನಗು ತಡೆಯಲಾಗಲಿಲ್ಲ. ಫವ್ವಾಜನ ಮುಖ ಕೆಂಪಾಯಿತು. "ನಗು ಮಗಾ, ನಗು. ನಾನು ಹೋಗಿ ಸ್ವಿಚ್ಚು ಆರಿಸ್ತೀನಿ, ಆಮೇಲೆ ಎಷ್ಟು ನಗ್ತೀಯೋ ನೋಡ್ತೀನಿ," ಎಂದು ದಡದಡನೆ ಇಳಿದುಹೋದ.

ಅವನು ನೆಲ ಮುಟ್ಟುತ್ತಲೇ ಅನ್ಹಾರ್ ಗೋಡೆಯ ಗುಂಡಿ ಒತ್ತಿದಳು. ಸಿಮ್ಯುಲೇಟರಿಗೆ ಬರಲು ಇದ್ದ ಒಂದೇ ದಾರಿಯಾದ ಆ ಕಬ್ಬಿಣದ ಸೇತುವೆ ಕಿರುಗುಟ್ಟುತ್ತ ಮೇಲೆದ್ದು, ನೆಟ್ಟಗೆ ನಿಂತುಬಿಟ್ಟಿತು. ತಾನು ಹೀಗೆ ಮಾಡುತ್ತೇನೆಂದು ಅವಳಿಗೂ ಗೊತ್ತಿರಲಿಲ್ಲ. ಬಾಗಿಲು ಹಾಕಿ ಬಂದು ಕುಳಿತಳು.

"ಸೇತುವೆ ಎತ್ತಿದ್ಯೇನಮ್ಮಾ?" ಎಂದು ಕೇಳಿದರು ಕ್ಯಾಪ್ಟನ್.

"ಎತ್ತಿದೆ."

"ಒಳ್ಳೇದು. ಮುಂದಿನ ಬಿಂದು ಓದು ಮುಹನ್ನದ್."

ಕತ್ತಲಾಯಿತು. ಹಸಿರು ಅಂಕಿಗಳು ಮಾಯವಾದವು. ಫ್ಯಾನಿನ ಸದ್ದು ನಿಂತ ಕೂಡಲೇ ಜುಲೈ ತಿಂಗಳ ಬಾಗ್ದಾದ್ ಒಳಗೆ ನುಗ್ಗಿತು.

"ಊರಿನ ಕರೆಂಟೇ ಹೋಯ್ತಾ, ನಮ್ದು ಹೋಯ್ತಾ?" ಎಂದರು ಕ್ಯಾಪ್ಟನ್.

"ನಮ್ದು," ಎಂದಳು ಅನ್ಹಾರ್. "ತಾಳಿ. ಉಸ್ತಾದರ ಕೋಣೆಯ ಏಸಿ ಕೂಡ ಇದೇ ಜನರೇಟರ್ ಮೇಲಿದೆ."

ಕತ್ತಲಲ್ಲೇ ಕ್ಯಾಪ್ಟನ್ ಸಮೂನ್ ರೊಟ್ಟಿ ಮುರಿದು ಇಬ್ಬರಿಗೂ ಕೊಟ್ಟರು. ಒಳಗೆ ಮೊಟ್ಟೆ, ಮಾವಿನ ಉಪ್ಪಿನಕಾಯಿಯಂಥ ಅಂಬಾ. ಕೈಗೆ ಅಂಟಿದ ಹಳದಿಯನ್ನು ಮುಹನ್ನದ್ ಎಚ್ಚರದಿಂದ ಕರವಸ್ತ್ರಕ್ಕೆ ಒರೆಸಿಕೊಂಡ, ಕೀಲಿಗಳಿಗೆ ತಾಗಬಾರದೆಂದು. ಅವನಿಗೀಗ ಮೂವತ್ತು ದಾಟಿತ್ತು. ಈ ಪೆಟ್ಟಿಗೆಯಲ್ಲೇ ವಿಮಾನ ನಡೆಸಲು ಕಲಿತವನು. ಕೊನೆಯ ಪರೀಕ್ಷೆ ಒಂದು ಬಾಕಿಯಿತ್ತು: ಪೂರಾ ಒಂದು ದಾರಿ, ಎಲ್ಲೂ ನಡುವೆ ಬಿಡದೆ, ಹೊರಟಲ್ಲಿಂದ ತಲುಪುವವರೆಗೆ. ಅದರ ಹಿಂದಿನ ದಿನವೇ ಎಲ್ಲ ಹಾರಾಟ ನಿಂತಿತು. ಅಂದಿನಿಂದ ಕರ್ರಾದಾ ಬೀದಿಯಲ್ಲಿ ಕೂಲರ್ ರಿಪೇರಿ ಮಾಡುತ್ತಿದ್ದ. ಬುಧವಾರಗಳಲ್ಲಿ ತುಂಡು ತುಂಡಾಗಿ ಅಭ್ಯಾಸ ಮಾಡಿಸುತ್ತಿದ್ದ ಕ್ಯಾಪ್ಟನ್, ಯಂತ್ರ ಬಿಚ್ಚುತ್ತಾರಂತೆ ಎಂದು ಕೇಳಿದ ಮೇಲೆ, "ಹಾಗಾದ್ರೆ ಆ ಪರೀಕ್ಷೆ ಈ ವಾರವೇ ಆಗ್ಲಿ," ಎಂದಿದ್ದರು.

ಕರೆಂಟು ಬಂತು. ಅನ್ಹಾರ್ ಹೇಳಿದ ಹಾಗೆಯೇ, ಕೆಳಗೆ ಏಸಿ ಗೊರಗುಟ್ಟಿದ್ದು ಕೇಳಿಸಿತು.

"ಮೊದಲಿಂದ," ಎಂದರು ಕ್ಯಾಪ್ಟನ್.

ಮುಹನ್ನದ್ ಮೊದಲಿಂದ ಶುರು ಮಾಡಿದ. ನಾವು ನಿಂತಿರುವುದು ಬಾಗ್ದಾದಿನಲ್ಲಿ, ಉತ್ತರ ಮೂವತ್ತಮೂರು ಹದಿನೈದು, ಪೂರ್ವ ನಲವತ್ತನಾಲ್ಕು ಹದಿನಾಲ್ಕು. ಯಂತ್ರ ತನ್ನ ನೆಲೆ ತಾನು ಕಂಡುಕೊಳ್ಳುವವರೆಗೆ ಕಾದು, ರುತ್ಬಾ, ದಮಾಸ್ಕಸ್, ಸೈಪ್ರಸ್ ಎಂದು ಒಂಬತ್ತನ್ನೂ ತುಂಬಿದ. ಎಂಜಿನ್ನುಗಳ ಸದ್ದು ಏರಿತು. ಮರುಭೂಮಿಯ ಮೇಲೆ ಎತ್ತರಕ್ಕೆ ಏರುತ್ತಿದ್ದಾಗ ಮತ್ತೆ ಕತ್ತಲು.

"ಮೊದಲಿಂದ," ಎಂದರು ಕ್ಯಾಪ್ಟನ್, ಕರೆಂಟು ಬಂದ ಮೇಲೆ.

ಮೂರನೆಯ ಸಲ ಹೋದ ಕರೆಂಟು ಬೇಗ ಬರಲಿಲ್ಲ. ಒಳಗಿನ ಗಾಳಿ ರಬ್ಬರು ಸುಟ್ಟ ಹಾಗೆ ನಾರತೊಡಗಿತು. ಕ್ಯಾಪ್ಟನ್ನರ ಉಸಿರು ಎಳೆದು ಎಳೆದು ಬರುತ್ತಿದ್ದುದು ಅನ್ಹಾರ್‌ಗೆ ಕೇಳಿಸಿತು. ಥರ್ಮಾಸಿನ ನೀರಲ್ಲಿ ತನ್ನ ತಲೆವಸ್ತ್ರದ ತುದಿ ತೋಯಿಸಿ ಅವರ ಕೈಗೆ ಕೊಟ್ಟಳು. ಅವರು ಮುಖ ಒರೆಸಿಕೊಂಡರು. ಟೈ ಸಡಿಲಿಸಲಿಲ್ಲ.

"ಸಾಕು ಕ್ಯಾಪ್ಟನ್," ಎಂದ ಮುಹನ್ನದ್. "ನಿಮಗೇನಾದ್ರೂ ಆದ್ರೆ ನಾನು ನಿಮ್ಮನೇಲಿ ಚಿಕ್ಕಮ್ಮಂಗೆ ಏನು ಹೇಳ್ಲಿ? ಇಷ್ಟಕ್ಕೂ ಯಾರಿಗೆ ತೋರಿಸ್ಬೇಕು ನಾವು? ಪಾಸಾದ್ರೂ ನಾಳೆ ನಾನು ಕೂಲರೇ ಬಿಚ್ಚೋದು."

"ಯಾರಿಗೂ ತೋರಿಸೋದಿಲ್ಲಪ್ಪ. ನಿನಗೆ ಹೋಗೋಕೆ ಬರತ್ತೋ ಇಲ್ವೋ, ಅದು ನಿನಗೆ ಗೊತ್ತಾಗ್ಬೇಕು. ಏಳಬೇಕು ಅಂದ್ರೆ ಏಳು, ನಾನೇನೂ ಅನ್ಕೊಳಲ್ಲ. ನಾನಂತೂ ಏಳಲ್ಲ."

ಮುಹನ್ನದ್ ಏಳಲಿಲ್ಲ.

ಅನ್ಹಾರ್ ಬಾಗಿಲು ತೆರೆದು ಅಂಚಿನಲ್ಲಿ ನಿಂತಳು. ಕೆಳಗೆ ಅರೆಬೆಳಕಿನ ಹಾಲಿನಲ್ಲಿ ಫವ್ವಾಜ್ ಫೈಲೊಂದರಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದ. ಅಂಗಿ ಮೈಗೆ ಅಂಟಿತ್ತು.

"ಸೇತುವೆ ಇಳಿಸಿ ಸಿತ್ತ್ ಅನ್ಹಾರ್. ದೊಡ್ಡವರಿಗೆ ಫೋನ್ ಮಾಡ್ತೀನಿ. ಕೆಲಸ ಹೋಗತ್ತೆ ನಿಮ್ದು."

"ಯಾವ ಕೆಲಸ ಉಸ್ತಾದ್? ನಾಳೆ ಇದನ್ನ ಬಿಚ್ಚಿದ್ಮೇಲೆ ಇಲ್ಲಿ ಲಾರಿ ಟೈರು ಪೇರಿಸ್ತೀರಂತೆ. ಟೈರು ಕಾಯೋಕೆ ಎಂಜಿನಿಯರ್ ಬೇಕಾ?"

ಅವನು ಫೈಲನ್ನು ಇನ್ನೊಂದು ಕೈಗೆ ಬದಲಿಸಿ ಬೀಸಿಕೊಂಡ.

"ಒಂದೇ ಬಾಣಲೇಲಿ ಬೇಯ್ತಿದೀವಿ, ನೀವೂ ನಾವೂ," ಎಂದಳು ಅವಳು. ದನಿ ಏರಿಸಿರಲಿಲ್ಲ. "ನಿಮಗೂ ಬಿಪಿ ಇದೆ. ಹೋಗಿ ತಣ್ಣಗೆ ಕೂತ್ಕೊಳ್ಳಿ. ಫೋನ್ ಮಾಡೋದಾದ್ರೆ ಮಾಡಿ, ನನ್ನ ಹೆಸರು ಸರಿಯಾಗಿ ಹೇಳಿ. ಸೇತುವೆ ಎತ್ತಿದ್ದು ನಾನು, ಅವರಲ್ಲ. ಲಂಡನ್ ಮುಟ್ಟೋವರೆಗೆ ನಾವು ಇಳಿಯೋದಿಲ್ಲ. ನೀವು ಆರಿಸಿದಷ್ಟು ಸಲ ಅವರು ಮತ್ತೆ ಒತ್ತುತ್ತಾರೆ. ನನಗಂತೂ ಬೇರೆ ಕೆಲಸ ಇಲ್ಲ."

ಫವ್ವಾಜ್ ತಲೆಯೆತ್ತಿ ಅವಳನ್ನು ನೋಡಿದ. ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಸೆಕೆ ತಾಳಲಾರದೆ ಹಾಕಿದನೋ ಬೇರೆ ಕಾರಣಕ್ಕೋ, ಅನ್ಹಾರ್‌ಗೆ ಕೊನೆಗೂ ತಿಳಿಯಲಿಲ್ಲ. ಅವನು ಫೋನ್ ಮಾಡಿದ್ದು ಯಾರಿಗೂ ಕೇಳಿಸಲಿಲ್ಲ.

"ಮೊದಲಿಂದ," ಎಂದ ಮುಹನ್ನದ್, ಕ್ಯಾಪ್ಟನ್ ಹೇಳುವ ಮೊದಲೇ.

ಈ ಸಲ ಅವನ ಬೆರಳುಗಳಿಗೆ ಕಣ್ಣೇ ಬೇಕಾಗಲಿಲ್ಲ. ರುತ್ಬಾ ಹಿಂದೆ ಬಿತ್ತು, ದಮಾಸ್ಕಸ್ ಹಿಂದೆ ಬಿತ್ತು. ಕಪ್ಪು ಗಾಜಿನತ್ತ ಗಲ್ಲ ಚಾಚಿ, "ಸಮುದ್ರ," ಎಂದರು ಕ್ಯಾಪ್ಟನ್. ಗ್ರೀಸ್ ದಾಟಿದ ಮೇಲೆ, ಮುಗಿದ ಬಿಂದುಗಳ ಜಾಗದಲ್ಲಿ ಮುಂದಿನವನ್ನು ಒಂದೊಂದಾಗಿ ತುಂಬಿಕೊಳ್ಳುತ್ತ ಹೋಗಬೇಕಿತ್ತು. ಮಧ್ಯಾಹ್ನ ಇಳಿಯುತ್ತ ಬಂತು. ಆಲ್ಪ್ಸ್ ದಾಟಿದಾಗ ಕ್ಯಾಪ್ಟನ್ ಕೊನೆಯ ಬಿಂದುವಿನ ಚೀಟಿ ಅವನ ಮುಂದಿಟ್ಟರು.

"ಲಂಡನ್. ನೀನೇ ತುಂಬು, ನೀನೇ ಸರಿನೋಡು. ನಾನು ಬಾಯಿ ಬಿಡಲ್ಲ."

ಉತ್ತರ ಐವತ್ತೊಂದು, ಇಪ್ಪತ್ತೆಂಟು. ಮುಹನ್ನದ್ ಒತ್ತಿದ. ಆಮೇಲೆ ರೇಖಾಂಶ. ಬೆರಳು ತಾನಾಗಿಯೇ ಪೂರ್ವದ ಕೀಲಿಗೆ ಹೋಯಿತು: ಪೂರ್ವ ಸೊನ್ನೆ, ಇಪ್ಪತ್ತೇಳು. ಹಿಂದಿದ್ದ ಅನ್ಹಾರ್ ತನ್ನ ಫಲಕದಲ್ಲಿ ಅದನ್ನು ಕಂಡು ತುಟಿ ಕಚ್ಚಿದಳು. ಕ್ಯಾಪ್ಟನ್ ಕಣ್ಣುಮುಚ್ಚಿ ಕುಳಿತಿದ್ದರು, ಆದರೆ ಮಂಡಿಯ ಮೇಲಿದ್ದ ಅವರ ಕೈ ಮುಷ್ಟಿಯಾಗಿತ್ತು. ಹೀಗೇ ಬಿಟ್ಟರೆ ವಿಮಾನ ಊರು ಮುಟ್ಟದೆ, ಇನ್ನೂ ಪೂರ್ವದಲ್ಲೇ, ಯಾವುದೋ ಹೊಲದ ಮೇಲೆ ಇಳಿಯಲು ನೋಡುತ್ತದೆ.

ಮುಹನ್ನದ್ ಒಪ್ಪಿಗೆಯ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಿಲ್ಲ. ಚೀಟಿ ನೋಡಿದ. ಅಂಕಿ ನೋಡಿದ. ಮತ್ತೆ ಚೀಟಿ ನೋಡಿದ.

"ಅಯ್ಯೋ ಕತ್ತೆ," ಎಂದು ತನ್ನನ್ನೇ ಬೈದುಕೊಂಡ. "ಇದು ಪಶ್ಚಿಮ!"

ಹುಟ್ಟಿದಾಗಿನಿಂದ ಅವನು ಪೂರ್ವದ ರೇಖೆಗಳಲ್ಲೇ ಇದ್ದವನು; ಅಭ್ಯಾಸದ ತುಂಡುಗಳೂ ಯಾವತ್ತೂ ಅಲ್ಲಿಯವರೆಗೆ ಹೋಗಿರಲಿಲ್ಲ. ಪಶ್ಚಿಮದ ಕೀಲಿಯ ಮೇಲಿನ ಅಕ್ಷರ ಹೊಸದರ ಹಾಗೆ ಉಳಿದಿತ್ತು. ಅಳಿಸಿ, ಅದನ್ನು ಒತ್ತಿದ. ಪಶ್ಚಿಮ ಸೊನ್ನೆ, ಇಪ್ಪತ್ತೇಳು. ಮೂರು ಯಂತ್ರಗಳನ್ನೂ ಬೇರೆ ಬೇರೆಯಾಗಿ ತೆರೆದು ಗಟ್ಟಿಯಾಗಿ ಓದಿದ. ಮೂರೂ ಒಂದೇ ಹೇಳಿದವು.

ಕ್ಯಾಪ್ಟನ್ನರ ಮುಷ್ಟಿ ಬಿಚ್ಚಿಕೊಂಡಿತು. "ವಿಮಾನ ನಿನ್ನದು," ಎಂದಷ್ಟೇ ಹೇಳಿದರು.

ಮುಹನ್ನದ್ ಇಳಿಸಿದ. ನೆಲ ಮುಟ್ಟಿದ್ದು ಮೈಗೆ ತಿಳಿಯಲಿಲ್ಲ, ಅಂಕಿಗಳಲ್ಲಷ್ಟೇ ತಿಳಿಯಿತು. ವೇಗ ಸೊನ್ನೆಗೆ ಬಂದು ಎಂಜಿನ್ನಿನ ಸದ್ದು ಆರಿದ ಮೇಲೂ ಮೂವರೂ ಬೆಲ್ಟು ಬಿಚ್ಚದೆ ಸ್ವಲ್ಪ ಹೊತ್ತು ಕುಳಿತೇ ಇದ್ದರು.

ಸೇತುವೆ ಇಳಿದಾಗ ಕೆಳಗೆ ಫವ್ವಾಜ್ ನಿಂತಿದ್ದ.

"ಮುಟ್ಟಿದ್ರಾ?" ಎಂದ.

"ಮುಟ್ಟಿದ್ವಿ," ಎಂದರು ಕ್ಯಾಪ್ಟನ್.

ಅವನು ತಲೆಯಾಡಿಸಿದ. ಅನ್ಹಾರಳತ್ತ ತಿರುಗಿ, "ನಾಳೆ ಎಂಟಕ್ಕೆ ಜನ ಬರ್ತಾರೆ. ಯಾವ ತಂತಿ ಎಲ್ಲಿದೆ ಅಂತ ನಿಮಗೇ ಗೊತ್ತಿರೋದು. ಸ್ವಲ್ಪ..." ಎಂದು ತಡವರಿಸಿದ.

"ಬರ್ಲಿ ಉಸ್ತಾದ್. ಅವರೇ ಹುಡುಕ್ಕೊಳ್ಳಿ. ಕಟ್ಟೋಕೆ ಬರತ್ತೆ ನನಗೆ, ಬಿಚ್ಚೋಕೆ ಬರಲ್ಲ." ಕೊರಳಲ್ಲಿದ್ದ ಗುರುತಿನ ಚೀಟಿ ತೆಗೆದು ಅವನ ಕೈಯಲ್ಲಿಟ್ಟು ನಡೆದಳು.

ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು. ಕ್ಯಾಪ್ಟನ್ನರ ಕಾರಿನ ಹಿಂದಿನ ಸೀಟಿನಲ್ಲಿ ಅನ್ಹಾರ್ ಕುಳಿತಳು, ಮುಂದೆ ಮುಹನ್ನದ್. ವಿಮಾನ ನಿಲ್ದಾಣದ ರಸ್ತೆ ಮುಗಿದು ಊರು ಶುರುವಾಗುವಲ್ಲಿ, ಬದನೆಕಾಯಿಯ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಕೈ ಅಡ್ಡ ಹಾಕಿದಳು.

"ಅದಮೀಯಾಗೆ ಬರ್ತೀಯೇನಪ್ಪಾ?"

"ಹತ್ತಮ್ಮ."

ಅವಳು ಅನ್ಹಾರಳ ಪಕ್ಕ ಒತ್ತರಿಸಿಕೊಂಡು ಕುಳಿತಳು. ಒದ್ದೆಯಾದ ಅಂಗಿಗಳನ್ನು, ಕ್ಯಾಪ್ಟನ್ನರ ಹೆಗಲ ಮೇಲಿನ ಪಟ್ಟಿಗಳನ್ನು ದಿಟ್ಟಿಸಿ ನೋಡಿದಳು.

"ಎಲ್ಲಿಂದ ಬರ್ತಿದೀರಿ ಮಕ್ಕಳೇ?"

"ಲಂಡನ್ನಿಂದ," ಎಂದರು ಕ್ಯಾಪ್ಟನ್.

ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ನಗಲಿಲ್ಲ. ಅವಳು ಬುಟ್ಟಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಅಲ್ಲಿ ಮಳೆಯಂತಾ?"

"ಇಳಿಯೋವಾಗ ತುಂತುರು ಇತ್ತಜ್ಜೀ," ಎಂದ ಮುಹನ್ನದ್.

"ಹೌದಾ," ಎಂದಳು ಮುದುಕಿ. ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ, ಬಿಸಿಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು.