ಅತ್ತೆಯ ಕೈಗೆ ತಣ್ಣೀರು

ತೈತೈ ಊರಿನ ಮಾಂಗ್ ಟಿನೋಂಗನ ಹೊಲಿಗೆ ಶೆಡ್ಡಿಗೆ ಸುರಕ್ಷತೆಯ ಇನ್ಸ್‌ಪೆಕ್ಟರ್ ಮೊದಲ ಸಲ ಬಂದಾಗ ಆದ ಮರ್ಯಾದೆಗೇಡನ್ನು ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಗೋಡೆಗೆ ತೂಗುಹಾಕಿದ್ದ ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಆಕೆ ತೆರೆದಳು. ಒಳಗೆ ಬ್ಯಾಂಡೇಜಿಲ್ಲ, ಹತ್ತಿಯಿಲ್ಲ. ಹಿಂಡಿ ಹಿಂಡಿ ಚಪ್ಪಟೆಯಾದ ಟೂತ್‌ಪೇಸ್ಟುಗಳು, ಯಾರದೋ ಬಾಚಣಿಗೆ, ಅರ್ಧ ತಿಂದಿಟ್ಟ ಬಿಸ್ಕತ್ತಿನ ಪೊಟ್ಟಣ. ಟೂತ್‌ಪೇಸ್ಟ್ ಯಾಕೆ ಎಂದು ಆಕೆ ಕೇಳಿದ್ದೇ ತಡ, ಸುಟ್ಟರೆ ಹಚ್ಚೋಕೆ ಎಂದು ಇಡೀ ಶೆಡ್ಡು ಒಂದೇ ಬಾಯಲ್ಲಿ ಉತ್ತರಿಸಿತು. ಅದೂ ಎಂಥ ಹೆಮ್ಮೆಯಿಂದ ಅಂತೀರಿ! ಮಾಂಗ್ ಟಿನೋಂಗ್ ಬಟ್ಟೆಯ ಥಾನುಗಳ ಹಿಂದೆ ಹೋಗಿ ನಿಂತುಬಿಟ್ಟ.

ಇನ್ಸ್‌ಪೆಕ್ಟರ್ ಕಟ್ಟುನಿಟ್ಟಾಗಿ ಹೇಳಿ ಹೋದಳು. ಮುಂದಿನ ಸಲ ಬರುವಷ್ಟರಲ್ಲಿ ತರಬೇತಿ ಪಡೆದವರೊಬ್ಬರು ಇರಬೇಕು, ಡಬ್ಬಿ ಡಬ್ಬಿಯಂತಿರಬೇಕು, ಇಸ್ತ್ರಿ ಮೇಜುಗಳ ಪಕ್ಕದಲ್ಲೇ ನೀರಿನ ನಲ್ಲಿ ಇರಬೇಕು. ಇಸ್ತ್ರಿ ಮಾಡುವ ಪ್ರತಿಯೊಬ್ಬಳಿಗೂ ಸುಟ್ಟರೆ ಏನು ಮಾಡಬೇಕೆಂದು ಗೊತ್ತಿರಬೇಕು, ಬಾಯಿಪಾಠವಲ್ಲ, ಮಾಡಿ ತೋರಿಸಬೇಕು. ಇಲ್ಲವಾದರೆ ಬಾಗಿಲಿಗೆ ಬೀಗ. ಶಾಲೆಗಳು ತೆರೆಯುವ ಮುಂಚಿನ ದಿನಗಳು ಅವು. ತೈತೈನಲ್ಲಿ ಸಮವಸ್ತ್ರದ ಸುಗ್ಗಿ. ಆ ಸುಗ್ಗಿ ಕೈತಪ್ಪಿದರೆ ಶೆಡ್ಡಿನ ಹೆಂಗಸರ ಮನೆಗಳಲ್ಲಿ ವರ್ಷವಿಡೀ ಗಂಜಿಯೇ ಗತಿ.

ತರಬೇತಿಗೆ ಯಾರು ಹೋಗಬೇಕು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಂತೆ ಎಲ್ಲರೂ ಹೊಲಿಗೆ ಯಂತ್ರದ ಮೇಲೆ ತಲೆ ಬಗ್ಗಿಸಿದರು. ಕಡೆಗೆ ಮಾಂಗ್ ಟಿನೋಂಗನ ಕಣ್ಣು ಜೋನಲಿನ್ ಮೇಲೆ ಬಿತ್ತು. ಇಸ್ತ್ರಿ ವಿಭಾಗದವಳು, ರಕ್ತ ಕಂಡರೆ ಹೆದರುವವಳಲ್ಲ, ಎದುರು ಮಾತಾಡುವವಳೂ ಅಲ್ಲ. ಎದುರು ಮಾತಾಡದಿರುವುದಕ್ಕೆ ಒಂದು ಕಾರಣವೂ ಇತ್ತು. ಇಸ್ತ್ರಿ ವಿಭಾಗದ ಯಜಮಾನಿಕೆ ಅವಳ ಅತ್ತೆ ಅಲಿಂಗ್ ಸೇಪಾಳದು.

ಅಲಿಂಗ್ ಸೇಪಾ ಎಂದರೆ ಶೆಡ್ಡಿನಲ್ಲಷ್ಟೇ ಅಲ್ಲ, ಬೀದಿಯಲ್ಲೂ ದೊಡ್ಡ ಹೆಸರು. ಯಾರ ಮನೆಯಲ್ಲಿ ಜಪಸರ ಪ್ರಾರ್ಥನೆಯಾದರೂ ಮುಂದೆ ಕೂತು ನಡೆಸುವವಳು ಅವಳೇ. ಅವಳು ಹಾಕಿದ ಗೆರೆಯನ್ನು ಇಸ್ತ್ರಿಯವರು ಯಾರೂ ದಾಟುತ್ತಿರಲಿಲ್ಲ. ಆ ಗೆರೆಗಳಲ್ಲಿ ಮೊದಲನೆಯದು, ಇಸ್ತ್ರಿ ಹಿಡಿದ ಕೈಗೆ ತಣ್ಣೀರು ಸೋಕಿಸಬಾರದು. ಸೋಕಿಸಿದರೆ ಪಾಸ್ಮಾ. ಕಾದು ದಣಿದ ಕೈಗೆ ತಣ್ಣೀರು ಬಿದ್ದರೆ ನರಗಳು ಉಬ್ಬುತ್ತವೆ, ಬೆರಳು ನಡುಗುತ್ತವೆ, ಆಮೇಲೆ ಸೂಜಿಗೆ ದಾರ ಪೋಣಿಸುವುದು ಈ ಜನ್ಮದಲ್ಲಿಲ್ಲ. ಸೇಪಾಳ ಸ್ವಂತ ಅಕ್ಕನಿಗೆ ಹಾಗಾಗಿತ್ತಂತೆ. ಸೊಸೆಯಾಗಿ ಬಂದಂದಿನಿಂದ ಜೋನಲಿನ್ ಕೂಡ ಸಂಜೆ ಕೆಲಸ ಮುಗಿಸಿ, ಬೆವರು ಅಂಟಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡೇ ಮನೆಗೆ ಹೋಗುತ್ತಿದ್ದಳು. ನಂಬಿಕೆಯೋ, ಅತ್ತೆಯ ಭಯವೋ, ಅವಳಿಗೇ ತಿಳಿಯದು.

ಹಾಗಾಗಿ, ಸುಟ್ಟ ಕೈಯನ್ನು ಇಪ್ಪತ್ತು ನಿಮಿಷ ಹರಿಯುವ ನೀರಿನಡಿ ಹಿಡಿಯಬೇಕು ಎಂದು ತರಬೇತಿಯ ಮೇಷ್ಟ್ರು ಹೇಳಿದಾಗ ಅವಳು ಕೈಯೆತ್ತಿ, ಪಾಸ್ಮಾ ಆದರೆ ಎಂದು ಕೇಳಿಯೇಬಿಟ್ಟಳು. ಮೇಷ್ಟ್ರು ನಗಲಿಲ್ಲ. ಅವರ ತಾಯಿಯೂ ಇಸ್ತ್ರಿಯವಳೇ. ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೂ ಒಳಗೆ ಅನ್ನ ಬೇಯುತ್ತಲೇ ಇರುತ್ತದಲ್ಲವೇ, ಸುಟ್ಟ ಮಾಂಸವೂ ಹಾಗೇ, ಬೆಂಕಿಯಿಂದ ಕೈ ತೆಗೆದರೂ ಒಳಗೆ ಬೇಯುತ್ತಿರುತ್ತದೆ, ನೀರು ಆ ಬೇಯುವುದನ್ನು ನಿಲ್ಲಿಸುತ್ತದೆ, ಟೂತ್‌ಪೇಸ್ಟ್ ಅದಕ್ಕೆ ಮುಚ್ಚಳ ಹಾಕುತ್ತದೆ ಎಂದರು. ಜೋನಲಿನ್‌ಗೆ ಮಾತು ನಾಟಿತು. ಅವಳು ಎಷ್ಟು ಸಲ ಅನ್ನ ಇಳಿಸಿಲ್ಲ!

ಊರಿಗೆ ಬಂದು ಅದನ್ನೇ ಅತ್ತೆಯ ಮುಂದೆ ಹೇಳಿದಳು. ಅಲಿಂಗ್ ಸೇಪಾ ಒಣಮೀನು ಮುರಿಯುತ್ತಿದ್ದವಳು ತಲೆಯೆತ್ತಿದಳು.

"ನನ್ನ ಕೈ ಏನು ಅನ್ನವೇನೇ?"

ಅಲ್ಲಿಗೆ ಮುಗಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಅದೇ ಮಾತನ್ನು ಬಿಳಿ ಕೋಟಿನವರು ಹೇಳಿದ್ದರೆ ಹೂಂಗುಟ್ಟುತ್ತಿದ್ದಳೇನೋ, ಸೊಸೆ ಹೇಳಿದ್ದರಿಂದ ಕೆಟ್ಟಿತು. ಶೆಡ್ಡಿನಲ್ಲಿ ಹೊಸ ನಲ್ಲಿ ಬಂತು, ಬೋಗುಣಿ ಬಂತು. ಮಾರನೆಯ ದಿನವೇ ಅಲಿಂಗ್ ಸೇಪಾ ಬೋಗುಣಿಯೊಳಗೆ ಒಂದು ಹೂಕುಂಡ ತಂದಿಟ್ಟಳು. ಜೋನಲಿನ್ ಕುಂಡ ತೆಗೆದಿಟ್ಟಳು. ಮಧ್ಯಾಹ್ನಕ್ಕೆ ಕುಂಡ ಮತ್ತೆ ಅಲ್ಲೇ. ಇಸ್ತ್ರಿಯ ಹುಡುಗಿಯರು ಜೋನಲಿನ್ ಕಲಿಸಿದ್ದನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು, ಕೈ ಮಾತ್ರ ಒಬ್ಬಳೂ ನೀರಿಗೆ ಚಾಚುತ್ತಿರಲಿಲ್ಲ. ಜಪ್ಪಯ್ಯ ಎಂದರೂ ಇಲ್ಲ. ಅಕ್ಕಾ, ನೀನು ಹೇಳೋದು ಸರಿ, ಆದ್ರೆ ಅಲಿಂಗ್ ಸೇಪಾ ನೋಡ್ತಾರೆ ಎನ್ನುತ್ತಿದ್ದರು.

ಇನ್ಸ್‌ಪೆಕ್ಟರ್ ಮತ್ತೆ ಬಂದೇಬಿಟ್ಟಳು. ಡಬ್ಬಿ ನೋಡಿದಳು, ಸರಿ. ಬೆಂಕಿ ಆರಿಸುವ ಸಿಲಿಂಡರು ನೋಡಿದಳು, ಸರಿ. ಕುಂಡವನ್ನು ತಾನೇ ಎತ್ತಿ ಕೆಳಗಿಟ್ಟು ನಲ್ಲಿ ತಿರುಗಿಸಿದಳು, ನೀರು ಬಂತು. ಮಾಂಗ್ ಟಿನೋಂಗನ ಮುಖಕ್ಕೆ ಕಳೆ ಬಂತು. ಆಮೇಲೆ ಆಕೆ ಬಿಸಿ ಇಸ್ತ್ರಿ ಹಿಡಿದು ನಿಂತಿದ್ದ ಲೀಸೆಲ್ ಎಂಬ ಹುಡುಗಿಯನ್ನು ಕರೆದು, ಈಗ ನಿನ್ನ ಕೈ ಸುಟ್ಟಿದೆ ಎಂದುಕೋ, ಏನು ಮಾಡ್ತೀಯ, ತೋರಿಸು ಎಂದಳು. ಲೀಸೆಲ್ ನಲ್ಲಿಯವರೆಗೆ ಹೋದಳು. ಕೈ ಚಾಚಿದಳು. ಅಷ್ಟರಲ್ಲಿ ಹಿಂದಕ್ಕೆ ತಿರುಗಿ ಅಲಿಂಗ್ ಸೇಪಾಳ ಮುಖ ನೋಡಿದಳು, ಕೈ ಹಿಂದಕ್ಕೆಳೆದುಕೊಂಡು ಅಳುವಂತಾದಳು. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದಳು. ಇಷ್ಟು ದಿನ ಹೆಣಗಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಜೋನಲಿನ್‌ಗೆ ಸಿಟ್ಟೇ ಬಂತು.

ಅಲಿಂಗ್ ಸೇಪಾಳ ಕಣ್ಣು ಹುಡುಗಿಯನ್ನು ಸುಡುತ್ತಿತ್ತು. ಎಡಗೈ ಒಂದು ಅಂಗಿಯ ಕಾಲರನ್ನು ಒತ್ತಿ ಹಿಡಿದಿತ್ತು, ಬಲಗೈ ರೂಢಿಯಂತೆ ಇಸ್ತ್ರಿಯನ್ನು ತಳ್ಳಿ ಹಬೆಯ ಗುಂಡಿ ಒತ್ತಿತು. ನೋಡದೆ ಒತ್ತಿದ್ದು. ಬಿಸಿ ಹಬೆಯೆಲ್ಲ ಎಡಗೈಯ ಬೆನ್ನಿನ ಮೇಲೆ ಹಾಯಿತು.

ಅವಳು ಕೂಗಲಿಲ್ಲ, ಹಲ್ಲುಕಚ್ಚಿ ಉಸಿರೆಳೆದಳಷ್ಟೇ. ಆದರೆ ಜೋನಲಿನ್‌ಗೆ ಆ ಉಸಿರು ಗೊತ್ತು. ಓಡಿಹೋಗಿ ಇಸ್ತ್ರಿಯನ್ನು ಆರಿಸಿ, ಅತ್ತೆಯ ಮೊಣಕೈ ಹಿಡಿದು ನಲ್ಲಿಯತ್ತ ಎಳೆದಳು. ಯಾರೋ ಪುಣ್ಯಾತ್ಗಿತ್ತಿ ರವಿಕೆಯೊಳಗಿಂದ ಟೂತ್‌ಪೇಸ್ಟ್ ತೆಗೆದು ಮುಂದೆ ಬಂದಳು. ಜೋನಲಿನ್ ಅದನ್ನು ಕಿತ್ತು ಕಿಟಕಿಯಾಚೆ ಎಸೆದಳು. ಮಾಂಗ್ ಟಿನೋಂಗ್ ಕಿವಿಯ ಹತ್ತಿರ ಬಂದು, ಹಿಂದಿನ ಬಾಗಿಲಿಂದ ಮನೆಗೆ ಕರ್ಕೊಂಡ್ಹೋಗು, ಮೇಡಂ ಮುಂದೆ ಬೇಡ ಎಂದು ಪಿಸುಗುಟ್ಟಿದ. ಜೋನಲಿನ್ ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿದಳು. ಯಜಮಾನನನ್ನು! ಆಮೇಲೆ ನೆನೆದಾಗ ಅವಳಿಗೇ ನಂಬಿಕೆಯಾಗಲಿಲ್ಲ.

ನೀರು ಸೋಕುತ್ತಲೇ ಅಲಿಂಗ್ ಸೇಪಾ ಕೈ ಕಿತ್ತುಕೊಂಡಳು.

"ಬಿಡೇ ನನ್ನ. ನನ್ನ ಕೈ ನಡುಗೋದು ನೋಡ್ಬೇಕಾ ನಿಂಗೆ? ನನ್ನ ಮೂಲೆಗೆ ಕೂರಿಸಿ ನೀನು ಯಜಮಾನಿಕೆ ಮಾಡ್ಬೇಕಾ?"

"ಬೈರಿ ಅಮ್ಮಾ, ಎಷ್ಟು ಬೇಕಾದ್ರೂ ಬೈರಿ. ಕೈ ಮಾತ್ರ ತೆಗೀಬೇಡಿ."

ಮುದುಕಿಯ ತೋಳಲ್ಲಿ ಇಸ್ತ್ರಿ ಎತ್ತಿ ಎತ್ತಿ ಬಂದ ಬಲವಿತ್ತು. ಜೋನಲಿನ್ ಎರಡು ಸಲ ಹಿಡಿದಳು, ಎರಡು ಸಲವೂ ಅವಳು ಬಿಡಿಸಿಕೊಂಡಳು. ಚರ್ಮ ಕೆಂಪೇರುತ್ತಿತ್ತು. ಇಡೀ ಶೆಡ್ಡು ಯಂತ್ರ ನಿಲ್ಲಿಸಿ ನೋಡುತ್ತಿತ್ತು, ಯಾರೂ ಸೊಸೆಯ ಕಡೆಗಿಲ್ಲ. ಬಲದಿಂದ ಆಗದು, ವಾದದಿಂದ ಆಗದು. ಈ ಹೆಂಗಸು ಲೋಕದಲ್ಲಿ ಯಾವುದಕ್ಕೆ ತಲೆಬಾಗುತ್ತಾಳೆ? ಆ ಯೋಚನೆ ಬಂದದ್ದೇ ಜೋನಲಿನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ, ಗಂಟಲೆತ್ತಿ ಜಪಸರ ಶುರುಮಾಡಿದಳು. ವಿಶ್ವಾಸದ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸಿ, ಪರಲೋಕದ ತಂದೆಯನ್ನು ನೆನೆದು, ನಮೋ ಮರಿಯಾ ಎಂದಳು.

ಹೆಂಗಸರ ಬಾಯಿ ತಾನಾಗಿ ತೆರೆಯಿತು. ಸಂತ ಮರಿಯಾ ಎಂದು ಶೆಡ್ಡಿಗೆ ಶೆಡ್ಡೇ ಉತ್ತರಿಸಿತು. ಅಭ್ಯಾಸ ಎಂದರೆ ಅದು.

ಅಲಿಂಗ್ ಸೇಪಾ ಬಾಯಿ ತೆರೆದದ್ದು ಬೈಯಲು. ಆದರೆ ಜಪಸರದ ನಡುವೆ ಬೈಗುಳವೇ? ಊರಿಗೆಲ್ಲ ಜಪ ಹೇಳಿಕೊಡುವವಳು, ಶುರುವಾದ ಜಪಸರವನ್ನು ಬಿಟ್ಟೆದ್ದು ಹೋಗುವುದೇ? ಬೀದಿಯ ಮಕ್ಕಳು ಮಿಸುಕಾಡಿದರೆ ಕಿವಿ ಹಿಂಡುವವಳು ಅವಳು. ಸೊಸೆಯನ್ನು ಕೊಲ್ಲುವಂತೆ ನೋಡಿದಳು, ಮೂಗಿನಲ್ಲಿ ಉಸಿರು ಬಿಟ್ಟಳು, ತುಟಿ ಅಲ್ಲಾಡಿಸಿದಳು. ಜೋನಲಿನ್ ಮೆಲ್ಲಗೆ ಅವಳ ಕೈಯನ್ನು ನೀರಿನಡಿಗೆ ತಂದಳು. ಈ ಸಲ ಕೈ ಅಲ್ಲೇ ನಿಂತಿತು.

ಮೊದಲ ಹತ್ತು ಮಣಿ ಮುಗಿಯಿತು, ಎರಡನೆಯದು ಶುರುವಾಯಿತು. ಜೋನಲಿನ್‌ಗೆ ಗಡಿಬಿಡಿಯಲ್ಲಿ, ಹತ್ತು ಮಣಿಗೊಂದರಂತೆ ನೆನೆಯುವ ಪವಿತ್ರ ರಹಸ್ಯಗಳ ಸಾಲು ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು. ಅಲಿಂಗ್ ಸೇಪಾಳಿಗೆ ತಪ್ಪು ಜಪ ಕೇಳಿ ಸಹಿಸಲಾಗದು. ತಿದ್ದಿದಳು, ತಾನೇ ಮುಂದಾಳುತನ ಕಿತ್ತುಕೊಂಡಳು. ಅವಳ ಆ ಗಟ್ಟಿ ದನಿ ಶೆಡ್ಡಿನ ತಗಡಿಗೆ ತಾಗಿ ತಿರುಗಿ ಬರುತ್ತಿತ್ತು. ಮಾಂಗ್ ಟಿನೋಂಗ್ ಟೋಪಿ ತೆಗೆದು ನಿಂತಿದ್ದ. ಇನ್ಸ್‌ಪೆಕ್ಟರ್ ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟು, ತಾನೂ ಸಂತ ಮರಿಯಾ ಎನ್ನುತ್ತಿದ್ದಳು.

ಬೆರಳು ಊದಿಕೊಳ್ಳುವ ಮುಂಚೆ ಉಂಗುರ ತೆಗೆಯಬೇಕಿತ್ತು. ಗಂಡ ತೊಡಿಸಿದ ಉಂಗುರ, ಅವನು ಸತ್ತಾಗಲೂ ತೆಗೆದದ್ದಲ್ಲ. ಜೋನಲಿನ್ ಅದನ್ನು ಮುಟ್ಟಿ, ಅತ್ತೆಯ ಮುಖ ನೋಡಿದಳು. ಅಲಿಂಗ್ ಸೇಪಾ ಜಪ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಬೆರಳನ್ನು ತುಸು ಚಾಚಿದಳು. ಉಂಗುರ ಜಾರಿ ಜೋನಲಿನ್‌ಳ ಅಂಗೈಗೆ ಬಂತು. ಅವಳಿಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಐದು ರಹಸ್ಯಗಳು ಮುಗಿದು ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡಾಗ ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಆಯಿತೆಂದು ತಲೆಯಾಡಿಸಿದಳು. ಜೋನಲಿನ್ ಕೈಯನ್ನು ಒತ್ತದೆ ಒರೆಸದೆ, ಹೊಸ ಡಬ್ಬಿಯ ಶುಭ್ರ ಬಟ್ಟೆಯನ್ನು ಸಡಿಲವಾಗಿ ಸುತ್ತಿದಳು. ಚರ್ಮ ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಅಲಿಂಗ್ ಸೇಪಾಳ ಮುಂದೆ ಬಂದು, ಪರೀಕ್ಷೆ ಇನ್ನೂ ಮುಗಿದಿಲ್ಲ, ನೀವೇ ಹೇಳಿ, ಸುಟ್ಟರೆ ಏನು ಮಾಡಬೇಕು ಎಂದಳು. ಮುದುಕಿ ಟೂತ್‌ಪೇಸ್ಟ್ ಎಂದರೆ ಮುಗಿಯಿತು.

"ನೀರು," ಎಂದಳು ಅಲಿಂಗ್ ಸೇಪಾ. "ಇವಳಿದ್ರೆ ಬೇಡ ಅಂದ್ರೂ ಬಿಡಲ್ಲ."

ಇನ್ಸ್‌ಪೆಕ್ಟರ್ ನಗುತ್ತಲೇ ಸಹಿ ಹಾಕಿದಳು. ಸುರಕ್ಷತೆಯ ನಿಯಮಗಳನ್ನು ಪಾಲಿಸಲಾಗಿದೆ ಎಂಬ ಆ ಒಂದು ಸಹಿಗೆ ಶೆಡ್ಡು ಎದ್ದ ರೀತಿ ನೋಡಬೇಕಿತ್ತು. ಯಂತ್ರಗಳೆಲ್ಲ ಒಟ್ಟಿಗೆ ಗರಗುಟ್ಟಿದವು, ಲೀಸೆಲ್ ಜೋನಲಿನ್‌ಳನ್ನು ತಬ್ಬಿಕೊಂಡು ಕುಣಿದಳು, ಮಾಂಗ್ ಟಿನೋಂಗ್ ಎಲ್ಲರಿಗೂ ಪನ್ಸಿತ್ ಶ್ಯಾವಿಗೆ ತರಿಸಿದ.

ಅದು ಸರಕಾರದ ಪರೀಕ್ಷೆ. ಹೆಂಗಸರ ಪರೀಕ್ಷೆ ಮಾರನೆಯ ಬೆಳಿಗ್ಗೆ ಇತ್ತು. ಒಬ್ಬಳೂ ಕೆಲಸ ಶುರುಮಾಡಿರಲಿಲ್ಲ. ಅಲಿಂಗ್ ಸೇಪಾಳ ಕೈ ನಡುಗುತ್ತದೋ ಇಲ್ಲವೋ ಎಂದು ಬಾಗಿಲು ನೋಡುತ್ತಿದ್ದರು. ಜೋನಲಿನ್‌ಗೆ ರಾತ್ರಿ ನಿದ್ದೆಯಿರಲಿಲ್ಲ.

ಅಲಿಂಗ್ ಸೇಪಾ ಒಳಗೆ ಬಂದಳು. ಎಲ್ಲರ ಕಣ್ಣು ಎಲ್ಲಿವೆಯೆಂದು ಅವಳಿಗೆ ತಿಳಿಯದೇ? ಗುಂಡಿ ಹೊಲಿಯುವವಳ ಮುಂದಿನಿಂದ ಸೂಜಿ ಎತ್ತಿಕೊಂಡಳು, ಬಟ್ಟೆ ಸುತ್ತಿದ ಎಡಗೈಯ ಬೆರಳಲ್ಲಿ ಹಿಡಿದಳು, ದಾರದ ತುದಿಯನ್ನು ತುಟಿಗಿಟ್ಟು ನೆನೆಸಿದಳು. ಒಂದೇ ಸಲಕ್ಕೆ ದಾರ ಒಳಗೆ ಹೋಯಿತು. ಸೂಜಿಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು.

"ನೋಡ್ಕೊಂಡ್ರಾ? ಸುಮ್ನೆ ದಣಿದ ಕೈಗೆ ತಣ್ಣೀರು ಬೇಡ, ಅದು ನನ್ನ ಮಾತು, ಬದ್ಲಾಗಲ್ಲ. ಸುಟ್ಟ ಕೈಗೆ ತಣ್ಣೀರು, ಅದು ನನ್ನ ಸೊಸೆ ಮಾತು. ಅವಳ ಮಾತು ಮೀರಿದೋರು ನನ್ನ ಇಸ್ತ್ರಿ ಮುಟ್ಟೋ ಹಾಗಿಲ್ಲ."

ಹೇಳಿ, ಸೂಜಿ ಹಿಂದಕ್ಕೆ ಕೊಟ್ಟು, ತನ್ನ ಮೇಜಿನತ್ತ ನಡೆದಳು. ಜೋನಲಿನ್ ಆ ದಿನ ಇಸ್ತ್ರಿ ಮಾಡಿದ ಒಂದೊಂದು ಕಾಲರೂ ಕತ್ತಿಯ ಅಲಗಿನಂತೆ ನೆಟ್ಟಗಿತ್ತು.