ಅಳಿಸಿದ್ದೇವೆ ಎಂದುಕೊಂಡಿದ್ದ ವಿಡಿಯೊ

ಒಮಾಹಾದ ಮಾಂಸದ ಕಾರ್ಖಾನೆಯಲ್ಲಿ ಹಂದಿಯ ಎಲುಬು ಬಿಡಿಸುವ ಒಫೀಲಿಯಾ ಪಾಳಿ ಮುಗಿಸಿ ಸೀದಾ ಕಾರ್ಮಿಕ ಕೇಂದ್ರಕ್ಕೆ ಬಂದಳು. ಕಳೆದ ಚಳಿಗಾಲ ಇಲ್ಲೇ ಕ್ಯಾಮೆರಾ ಮುಂದೆ ನಲವತ್ತು ನಿಮಿಷ ಮಾತಾಡಿದ್ದಳು. ಮೂತ್ರಕ್ಕೂ ಬಿಡದ ಸೂಪರ್‌ವೈಸರನ ಹೆಸರು ಹೇಳಿದ್ದಳು, ತನ್ನದನ್ನೂ ಹೇಳಿದ್ದಳು. ಅದೇ ಕಾರ್ಖಾನೆಯಲ್ಲಿ ಕಾಗದಪತ್ರವಿಲ್ಲದೆ ದುಡಿಯುವ ತಮ್ಮನ ಹೆಸರೂ ಬಾಯ್ತಪ್ಪಿ ಬಂದಿತ್ತು. ಮಾರ್ಚಿನಲ್ಲಿ ಆ ವಿಡಿಯೊವನ್ನು ತೆಗೆಸಿಹಾಕಿದ್ದಳು.

"ನಿಜವಾಗ್ಲೂ ಹೋಗಿದೆ ತಾನೆ, ಮಗಳೇ?" ಎಂದಳು ಒಫೀಲಿಯಾ. "ನಿನ್ನೆ ಕಾರ್ಖಾನೆ ಆಫೀಸಿನವ್ರು ನನ್ನ ತಮ್ಮನ್ನ ಕರೆಸಿ ವಿಚಾರಿಸಿದಾರೆ."

"ನನ್ನ ಕೈಯಾರೆ ಅಳಿಸಿದೀನಿ, ಅಮ್ಮ." ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಲೊರೇನ್ ವಿಡಿಯೊಗಳ ಪಟ್ಟಿ ತೋರಿಸಿದಳು. ಒಫೀಲಿಯಾಳ ಹೆಸರಿರಲಿಲ್ಲ.

"ಇದು ಇವತ್ತಿಂದು. ಯಾವ ದಿನದ್ದು ಬೇಕಾದ್ರೂ ವಾಪಸ್ ತರ್ತೀನಿ ಅಂತ ಸಭೇಲಿ ಜಂಬ ಕೊಚ್ಚಿದ್ಯಲ್ಲ, ಫೆಬ್ರವರೀದು ತಾ."

ಲೊರೇನ್ ನಗುತ್ತಲೇ ಹಳೆಯ ಆವೃತ್ತಿಗೆ ಹೋದಳು. ಎರಡೇ ನಿಮಿಷ. ಪರದೆಯ ಮೇಲೆ ಒಫೀಲಿಯಾಳ ಮುಖ ಮಾತಾಡತೊಡಗಿತು.

ಲೊರೇನ್‌ಳ ನಗು ನಿಂತಿತು. ಕಡತದಲ್ಲಿ ಇರುವುದು ವಿಡಿಯೊ ಎಲ್ಲಿದೆ ಎಂದು ಹೇಳುವ ಬರೀ ಚೀಟಿ. ಭಾರದ ವಿಡಿಯೊ ಇರುವುದು ಕೇಂದ್ರ ಬಾಡಿಗೆಗೆ ಪಡೆದ ಕ್ಲೌಡ್‌ನಲ್ಲಿ. ತಾನು ಹರಿದದ್ದು ಇತ್ತೀಚಿನ ಚೀಟಿಯನ್ನಷ್ಟೇ; ಹಳೆಯವು ಹಾಗೇ ಇದ್ದವು.

ಕೇಂದ್ರದ ನಿರ್ದೇಶಕಿ ಗ್ರೆಚೆನ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಬುಡದಿಂದ ಕಿತ್ರೆ ವರದಿ ಬರೀತಿರೋ ಹನ್ನೆರಡೂ ಜನರ ಹತ್ರ ಇರೋ ಪ್ರತಿ ಕೆಡುತ್ತೆ. ಶುಕ್ರವಾರ ಕಾರ್ಖಾನೆ ಮೇಲಿನ ಆ ವರದಿ ಕೊಡ್ಬೇಕು. ಅಲ್ಲೀತನಕ ಇರ್ಲಿ ಬಿಡು. ಅಷ್ಟು ಹಿಂದಕ್ಕೆ ಹೋಗಿ ಯಾರು ಹುಡುಕ್ತಾರೆ?"

"ಎಲುಬು ಬಿಡಿಸೋಳು ಹುಡುಕಿದ್ಳಲ್ಲ!" ಎಂದಳು ಒಫೀಲಿಯಾ. "ನಿಮ್ಮ ವರದೀಲಿ ನಾವು ಧೈರ್ಯಶಾಲಿಗಳು. ನಿಮ್ಮ ಕಪಾಟಲ್ಲಿ ಏನು, ಹಂದಿ ತುಂಡುಗಳಾ?"

ಲೊರೇನ್ ಗ್ರೆಚೆನ್‌ಳ ಅಪ್ಪಣೆಗೆ ಕಾಯಲಿಲ್ಲ. ಕೀಳುವ ಮೊದಲು, ವಿಡಿಯೊ ಯಾರ ಕೈ ಸೇರಿದೆ ಎಂದು ನೋಡಲು ಕ್ಲೌಡ್‌ನ ದಾಖಲೆ ತೆರೆದಳು.

"ಅಮ್ಮ, ಏಪ್ರಿಲಲ್ಲಿ ಯಾರೋ ಒಂದ್ಸಲ ಇಳಿಸ್ಕೊಂಡಿದಾರೆ."

"ಯಾರು?"

"ಗೊತ್ತಾಗಲ್ಲ. ಹನ್ನೆರಡು ಜನಕ್ಕೂ ಒಂದೇ ಕೀಲಿ, ಒಂದೇ ಪಾಸ್‌ವರ್ಡ್ ಕೊಟ್ಟಿದ್ವಿ. ಸುಲಭ ಆಗ್ಲಿ ಅಂತ."

"ಯಾರಿಗೆ ಸುಲಭ?"

ಒಫೀಲಿಯಾ ತಮ್ಮನಿಗೆ ಫೋನ್ ಹಚ್ಚಿದಳು. "ನಾಳೆ ಕೆಲ್ಸಕ್ಕೆ ಹೋಗ್ಬೇಡ. ಮನೆಗೂ ಹೋಗ್ಬೇಡ, ಅತ್ತೆ ಹತ್ರ ಇರು. ಊಟ ಆಮೇಲೆ ಮಾಡೋ, ಮೊದ್ಲು ಹೊರಡು!"

ಲೊರೇನ್ ಕೀಲಿ ಬದಲಿಸಿದಳು, ವಿಡಿಯೊವನ್ನು ಕ್ಲೌಡ್‌ನಿಂದಲೇ ಕಿತ್ತಳು. ಹನ್ನೆರಡು ಪ್ರತಿಗಳೂ ಕೆಟ್ಟವು. ಹೊರಗೆ ಹೋದದ್ದು ಹೊರಗೇ ಉಳಿಯಿತು.

"ನನ್ನ ಹಾಗೆ ತೆಗಿಸ್ದೋರು ಇನ್ನೆಷ್ಟು ಜನ?"

"ಒಂಬತ್ತು."

"ಕೂತ್ಕೋ. ಒಬ್ಬೊಬ್ರಿಗೂ ಫೋನ್ ಮಾಡಿ ನಿಜ ಹೇಳು. ನನ್ನೆದುರಿಗೇ."

ಲೊರೇನ್ ಮೊದಲ ನಂಬರು ಒತ್ತಿದಳು.